‘ಮಾನ್ವಿ’ಯನ್ನು ‘ಮನವಿ’ ಎಂದು ಓದದಿರುವ ಬಗ್ಗೆ

ಫಲಕ, ಪ್ರಮಾಣಪತ್ರ ಹಾಗೂ ಇತರೆ ಅಕ್ಷರಗಳ ಇಲಾಖೆ
ಜಿಲ್ಲಾ ಕಚೇರಿ, ರಾಯಚೂರು

ಸಂಖ್ಯೆ: ಫಪ್ರಇಅ/ಕರಿ/ದಪ್ಪ/17/2025

ವಿಷಯ: ‘ಕರಿಕೋಟೆ’ ಅಕ್ಷರಶೈಲಿಯ ಬಳಕೆ, ಓದುವಿಕೆ ಹಾಗೂ ಓದಲಾಗದಿರುವಿಕೆ ಕುರಿತು.

ಉಲ್ಲೇಖ: 1) ಇದೇ ಕಚೇರಿಯ ಹಿಂದಿನ ಸುತ್ತೋಲೆ (ಕರಿಕೋಟೆಯಲ್ಲಿ ಮುದ್ರಿತವಾದ್ದರಿಂದ ಅದರ ದಿನಾಂಕ ತಿಳಿದುಬಂದಿಲ್ಲ). 2) ಮಲ್ಲಟ ಗ್ರಾಮದ ಶ್ರೀಮತಿ ಶೇಖಮ್ಮ ಅವರ ಮನವಿ.

1. ಯುರೋಪಿನ ಹಳೆಯ ಗ್ರಂಥಗಳಲ್ಲಿ, ಪತ್ರಿಕೆಗಳ ನೆತ್ತಿಯ ಮೇಲೆ ಹಾಗೂ ಕೆಲವು ಮೋಟಾರ್ ಸೈಕಲ್ ಟ್ಯಾಂಕ್‌ಗಳ ಮೇಲೆ ಕಂಡುಬರುವ ದಪ್ಪ, ಕಪ್ಪು, ಮೊನಚು ಅಕ್ಷರಗಳ ಗಾಂಭೀರ್ಯವನ್ನು ಮನಗಂಡು, ಅದೇ ಮಾದರಿಯ ಕನ್ನಡ ಅಕ್ಷರಗಳನ್ನು ‘ಕರಿಕೋಟೆ’ ಎಂಬ ಹೆಸರಿನಲ್ಲಿ ಇಲಾಖೆ ಅಳವಡಿಸಿಕೊಂಡಿದೆ. ಕನ್ನಡ ಅಕ್ಷರಗಳು ಹುಟ್ಟಿನಿಂದಲೇ ದುಂಡಗಿರುವುದು ಗಮನಕ್ಕೆ ಬಂದಿದ್ದು, ಸದರಿ ದುಂಡುತನವನ್ನು ಮುರಿದು ಮೂಲೆಗಳನ್ನಾಗಿ ಪರಿವರ್ತಿಸಲಾಗಿದೆ. ಸೊನ್ನೆಯನ್ನು ಸಹ ಬಿಟ್ಟಿಲ್ಲ.

2. ಈ ಶೈಲಿಯನ್ನು ನಾಮಫಲಕ, ಪ್ರಮಾಣಪತ್ರ ಹಾಗೂ ಸಾಹೇಬರ ಚಹಾ ಕಪ್ಪಿನ ಮೇಲೆ ಕಡ್ಡಾಯವಾಗಿ ಬಳಸತಕ್ಕದ್ದು. ಶೌಚಾಲಯದ ಫಲಕಕ್ಕೆ ಮಾತ್ರ ವಿನಾಯಿತಿ ನೀಡಲಾಗಿದೆ. ತಪಾಸಣೆಗೆಂದು ದೇವದುರ್ಗದಿಂದ ಬಂದ ಹಿರಿಯ ಅಧಿಕಾರಿಯೊಬ್ಬರು ದಾಖಲೆ ಕೊಠಡಿಯನ್ನು ಶೌಚಾಲಯವೆಂದು ಓದಿಕೊಂಡ ಪ್ರಕರಣದ ವರದಿಯನ್ನು, ಕಡತ ಒಣಗಿದ ನಂತರ ಮಂಡಿಸಲಾಗುವುದು.

3. ಒತಕ್ಷರವು ಸಾಲಿನ ಕೆಳಗೆ ಜೋತಾಡುವುದು ಇಲಾಖೆಯ ಘನತೆಗೆ ಕುಂದಾದ್ದರಿಂದ, ಅದನ್ನು ಮೇಲಕ್ಕೆತ್ತಿ ಸಾಲಿನಲ್ಲಿ ನಿಲ್ಲಿಸಲು ಆದೇಶಿಸಲಾಗಿತ್ತು. ಅದರಂತೆ ‘ಮಾನ್ವಿ ವಿಭಾಗ’ ಎಂಬ ಫಲಕದಲ್ಲಿ ‘ವ’ ಮೇಲೆದ್ದಿದೆ, ‘ನಿ’ಯ ಗುಡಿಸು ಅದರ ಜೊತೆಗೇ ಹೋಗಿದೆ, ‘ಮಾ’ದ ದೀರ್ಘಕ್ಕೆ ಜಾಗ ಸಾಲದೆ ಕೈಬಿಡಲಾಗಿದೆ. ಈ ಬಗ್ಗೆ ಪೇಂಟರ್ ಅಲ್ತಾಫ್ ಅವರು “ಸಾಹೇಬ್ರ, ಇದು ಬ್ಯಾರೇನ ಆಗಾಕತ್ತದ ನೋಡ್ರಿ” ಎಂದು ಏಣಿಯ ಮೇಲಿನಿಂದ ಮೌಖಿಕವಾಗಿ ಆಕ್ಷೇಪಿಸಿದ್ದನ್ನು, ಲಿಖಿತವಲ್ಲದ ಕಾರಣ ಪರಿಗಣಿಸಿರುವುದಿಲ್ಲ.

4. ಪರಿಣಾಮವಾಗಿ ಸಾರ್ವಜನಿಕರು ಸದರಿ ವಿಭಾಗವನ್ನು ‘ಮನವಿ ವಿಭಾಗ’ವೆಂದು ಭಾವಿಸಿ, ಒಂದೇ ತಿಂಗಳಲ್ಲಿ ಇನ್ನೂರ ಹದಿನಾಲ್ಕು ಮನವಿಗಳನ್ನು ಸಲ್ಲಿಸಿರುತ್ತಾರೆ. ವಿಭಾಗದ ಸಹಾಯಕಿ ಕುಮಾರಿ ಮೌನೇಶ್ವರಿ ಅವರು ಅವುಗಳನ್ನು ಸ್ವೀಕರಿಸಿದ್ದಲ್ಲದೆ ಓದಿದ್ದು, ಉತ್ತರವನ್ನೂ ಬರೆದಿರುವುದು ಕಚೇರಿಯ ಇತಿಹಾಸದಲ್ಲಿ ಪ್ರಥಮವಾಗಿದೆ. ಕಾರಣ ಕೇಳಿ ನೋಟಿಸು ನೀಡಲಾಗಿ, “ಬೋರ್ಡ್‌ನಾಗ ಹಂಗೇ ಅದರಿ, ಸರ್” ಎಂದು ಉತ್ತರಿಸಿರುತ್ತಾರೆ.

5. ಕರಿಕೋಟೆಯನ್ನು ಓದುವವರು ಆರು ಅಡಿ ದೂರದಲ್ಲಿ ನಿಂತು, ಎಡಗಣ್ಣನ್ನು ಅರ್ಧ ಮುಚ್ಚಿ ಓದತಕ್ಕದ್ದು. ರಾಯಚೂರಿನ ಬಿಸಿಲಿಗೆ ಕರಗಿ ಇಳಿದ ಬಣ್ಣವನ್ನು ಅರ್ಕಾವತ್ತೆಂದು ತಿಳಿಯತಕ್ಕದ್ದಲ್ಲ. ಅಷ್ಟಾಗಿಯೂ ಓದಲು ಬಾರದಿದ್ದಲ್ಲಿ, ಅರ್ಥವಾದವರಂತೆ ತಲೆದೂಗಿ ಮುಂದೆ ಸಾಗುವಂತೆ ಈ ಮೂಲಕ ಸೂಚಿಸಲಾಗಿದೆ.

6. ಮೇಲ್ಕಂಡಂತೆ ತಲೆದೂಗಲು ನಿರಾಕರಿಸಿದ ಏಕೈಕ ವ್ಯಕ್ತಿ ಶ್ರೀಮತಿ ಶೇಖಮ್ಮ. ವಯಸ್ಕರ ಅಕ್ಷರ ತರಗತಿಯಲ್ಲಿ ಉತ್ತೀರ್ಣರಾದ ಇವರಿಗೆ ಇಲಾಖೆಯು ಕರಿಕೋಟೆಯಲ್ಲಿ ಪ್ರಮಾಣಪತ್ರ ನೀಡಿತ್ತು. ಅದನ್ನು ಹಿಂದಿರುಗಿಸಿ, ಸ್ವಹಸ್ತದಲ್ಲಿ ಬರೆದ ಮನವಿ ಇಂತಿದೆ:

“ಸಾಹೇಬ್ರ, ನಾ ಮಲ್ಲಟದ ಶೇಖಮ್ಮ. ಐವತ್ತೆಂಟನೇ ವರ್ಷದಾಗ ಅಕ್ಷರ ಕಲ್ತೀನಿ. ಬಸ್ಸಿನ ಬೋರ್ಡ್ ಓದ್ತೀನಿ, ಔಷಧದ ಚೀಟಿ ಓದ್ತೀನಿ. ನೀವು ಕೊಟ್ಟ ಕಾಗದದಾಗ ನನ್ನ ಹೆಸರು ಎಲ್ಲಿ ಅದ ತಿಳಿವಲ್ದು. ಓಣ್ಯಾಗ ಎಲ್ಲಾರೂ ಓದಿ ತೋರ್ಸು ಅಂದ್ರು. ಬರ್ಲಿಲ್ಲ. ನಕ್ಕರು. ನಾ ಕಲ್ತಿದ್ದು ಸುಳ್ಳೇನ್ರಿ? ಹೌದಂದ್ರ ಇದನ್ನ ನೀವೇ ಇಟ್ಕೋರಿ. ಅಲ್ಲಂದ್ರ ನನ್ನ ಹೆಸರು ನನಗ ಕಾಣೂವಂಗ ಬರದು ಕೊಡ್ರಿ.”

7. ಸದರಿ ಪ್ರಮಾಣಪತ್ರವನ್ನು ಏಳು ಮಂದಿ ಅಧಿಕಾರಿಗಳ ಸಮಿತಿಯ ಮುಂದೆ ಇರಿಸಲಾಯಿತು. ನಾಲ್ವರು ‘ಪಂಪಮ್ಮ’ ಎಂದು ಓದಿದರು. ಇಬ್ಬರು ಕಾಗದವನ್ನು ತಿರುವುಮುರುವು ಮಾಡಿದರು. ಒಬ್ಬರು ಓದದೆಯೇ ಇನ್ನೊಮ್ಮೆ ಸಹಿ ಮಾಡಿದರು. ಮನವಿಯನ್ನಾದರೋ ಏಳೂ ಮಂದಿ ಒಂದೇ ಓದಿಗೆ ಓದಿದರು.

8. ಆದ್ದರಿಂದ, ಶ್ರೀಮತಿ ಶೇಖಮ್ಮ ಅವರ ಕಲಿಕೆ ಸುಳ್ಳಲ್ಲ, ಇಲಾಖೆಯ ಅಕ್ಷರವೇ ಸುಳ್ಳು ಎಂದು ತೀರ್ಮಾನಿಸಿ, ಅವರಿಗೆ ಗುಂಡಕ್ಷರದಲ್ಲಿ ಹೊಸ ಪ್ರಮಾಣಪತ್ರ ಬರೆದುಕೊಡಲು ಕುಮಾರಿ ಮೌನೇಶ್ವರಿ ಅವರಿಗೆ ಆದೇಶಿಸಲಾಗಿದೆ. ಈ ಸುತ್ತೋಲೆಯನ್ನೂ ಗುಂಡಕ್ಷರದಲ್ಲೇ ಹೊರಡಿಸಲಾಗಿದೆ. ಇದನ್ನು ಪೂರ್ವನಿದರ್ಶನವಾಗಿ ಯಾರೂ ಉಲ್ಲೇಖಿಸತಕ್ಕದ್ದಲ್ಲ. ಫಲಕವನ್ನು ಬದಲಿಸುವ ಬದಲು, ಅದರ ಕೆಳಗಿನ ವಿಭಾಗವನ್ನೇ ‘ಮನವಿ ವಿಭಾಗ’ವಾಗಿ ಪರಿವರ್ತಿಸಲಾಗಿದೆ. ಮಾನ್ವಿ ತಾಲ್ಲೂಕಿನವರು ಪಕ್ಕದ ಕಿಟಕಿಯಲ್ಲಿ ವಿಚಾರಿಸತಕ್ಕದ್ದು.

(ಸಹಿ ಇದೆ; ಯಾರದೆಂದು ಪರಿಶೀಲನೆಯಲ್ಲಿದೆ)
ಉಪನಿರ್ದೇಶಕರು, ದಪ್ಪಕ್ಷರ ಶಾಖೆ

ಪ್ರತಿಗಳು:
1. ದೇವದುರ್ಗ ಕಚೇರಿಗೆ, ಒಣ ಪ್ರತಿ.
2. ಪೇಂಟರ್ ಅಲ್ತಾಫ್ ಅವರಿಗೆ, ಏಣಿಯ ಮೇಲಿನ ಆಕ್ಷೇಪಗಳನ್ನು ಇನ್ನು ಮುಂದೆ ಲಿಖಿತವೆಂದು ಪರಿಗಣಿಸುವ ಭರವಸೆಯೊಂದಿಗೆ.
3. ಕುಮಾರಿ ಮೌನೇಶ್ವರಿ ಅವರಿಗೆ, ನೋಟಿಸು ಹಿಂಪಡೆದ ಪತ್ರದೊಂದಿಗೆ.
4. ಶ್ರೀಮತಿ ಶೇಖಮ್ಮ, ಮಲ್ಲಟ ಅವರಿಗೆ, ಹೊಸ ಪ್ರಮಾಣಪತ್ರ ಸಹಿತ. (ನಂತರ ಸೇರಿಸಿದ ಟಿಪ್ಪಣಿ: ಪ್ರಮಾಣಪತ್ರ ಇಟ್ಟುಕೊಂಡಿದ್ದಾರೆ. ಸುತ್ತೋಲೆಯ ಮೂರನೇ ಕಲಮಿನ ಮೊದಲ ಪದದಲ್ಲಿ ಒತ್ತು ಬಿಟ್ಟುಹೋಗಿದೆ ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಸುತ್ತೋಲೆಯನ್ನು ವಾಪಸ್ ಕಳಿಸಿದ್ದಾರೆ.)