ಲಾಗ್‌ನಲ್ಲಿ ಒಂದೂ ತಪ್ಪಿಲ್ಲ

"ಇನ್ನು ಮುಂದೆ ಈ ಹೋಂಸ್ಟೇಯಲ್ಲಿ ನನಗೆ ತಿಳಿಯದೆ ಒಂದೇ ಒಂದು ತಪ್ಪೂ ನಡೆಯದು!"

ಸುಂಟಿಕೊಪ್ಪದ ನಮ್ಮ ಮನೆಯ ಜಗಲಿಯಲ್ಲಿ ನಿಂತು ನಾನು ಹೀಗೆ ಘೋಷಿಸಿದೆ. ಎರಡು ಕೋಣೆಗಳ ಹೋಂಸ್ಟೇ ನಡೆಸುವವಳು ನನ್ನ ಹೆಂಡತಿ ಸರ್ವಮಂಗಳ. ಬುಕಿಂಗ್‌ಗೆ ಸಾಫ್ಟ್‌ವೇರ್ ಬರೆದ ಮಹಾಪುರುಷ ನಾನು. ಎಲ್ಲಿ ಏನು ಕೆಟ್ಟರೂ ಅದು ತಾನಾಗಿಯೇ ಎರರ್ ಲಾಗ್ ಎಂಬ ತಪ್ಪುಗಳ ಪಟ್ಟಿಯಲ್ಲಿ ಬರೆದಿಡಬೇಕು.

ಪರೀಕ್ಷೆಗೆಂದು, ಬುಕಿಂಗ್‌ಗಳೆಲ್ಲ ದಾಖಲಾಗುವ ಡೇಟಾಬೇಸಿನ ಕನೆಕ್ಷನ್ನನ್ನು ನಾನೇ ಕಡಿದೆ. ಸುಳ್ಳು ಬುಕಿಂಗ್ ಒಂದನ್ನು ಮಾಡಿ ಲಾಗ್ ತೆರೆದೆ. ಖಾಲಿ!

"ನೋಡಿದ್ಯಾ? ಒಂದೂ ತಪ್ಪಿಲ್ಲ!"

"ರೀ, ಕನೆಕ್ಷನ್ ಹೋಗಿರೋದೇ ತಪ್ಪಲ್ವಾ? ಅದಾದ್ರೂ ಅಲ್ಲಿ ಇರ್ಬೇಕಿತ್ತಲ್ಲ?"

"ಇದೆಲ್ಲ ನಿಂಗೆ ಅರ್ಥ ಆಗಲ್ಲ ಬಿಡು."

ಆ ಮಾತನ್ನು ಆಡಬಾರದಿತ್ತು. ಆಡಿದೆ.

ಮತ್ತೆ ಜೋಡಿಸಿದ್ದ ಕನೆಕ್ಷನ್ ಶುಕ್ರವಾರ ನಿಜವಾಗಿಯೇ ಹೋಗಿ ಬಂದಿತ್ತು; ಅದು ನನಗೆ ತಿಳಿದದ್ದು ಆಮೇಲೆ. ಲಾಗ್ ಖಾಲಿಯಿತ್ತು, ನಾನು ನಿಶ್ಚಿಂತೆಯಿಂದಿದ್ದೆ. ಶನಿವಾರ ಎರಡೂ ಕೋಣೆ ತುಂಬಿದ ಮೇಲೆ ಹಾಸನದ ವಯಸ್ಸಾದ ದಂಪತಿ ಬ್ಯಾಗು ಹಿಡಿದು ಅಂಗಳದಲ್ಲಿ ನಿಂತರು. ಶುಕ್ರವಾರವೇ ಬುಕ್ ಮಾಡಿದ್ದ ಅವರ ಮೊಬೈಲಿನಲ್ಲಿ 'ನಿಮಗೆ ಸ್ವಾಗತ' ಎಂದಿತ್ತು. ನಮ್ಮಲ್ಲಿ ಅವರ ಹೆಸರೇ ಇರಲಿಲ್ಲ. ಸರ್ವಮಂಗಳ ನಮ್ಮ ಮಲಗುವ ಕೋಣೆಯನ್ನೇ ಅವರಿಗೆ ಬಿಟ್ಟುಕೊಟ್ಟು ತಾನು ಮಗಳ ಕೋಣೆಗೆ ಹೋದಳು. ನಾನು ಕಾಫಿ ಮೂಟೆಗಳ ನಡುವೆ ಪವಡಿಸಿದೆ.

ಬೆಳಗ್ಗೆ ಕಾರಣ ಸಿಕ್ಕಿತು. ಲಾಗನ್ನು ನಾನು ಇಟ್ಟಿದ್ದು ಅದೇ ಡೇಟಾಬೇಸಿನೊಳಗೆ! ಕನೆಕ್ಷನ್ ಹೋಯಿತೆಂದು ಬರೆಯುವುದಕ್ಕೂ ಅದೇ ಕನೆಕ್ಷನ್ ಬೇಕು. ಇದನ್ನು ಬಹಳ ಗಂಭೀರವಾಗಿ ವಿವರಿಸಿದೆ.

"ಅಂದ್ರೆ, ಮನೆಗೆ ಬೀಗ ಹಾಕಿ, ಬೀಗದ ಕೈ ಎಲ್ಲಿದೆ ಅನ್ನೋ ಚೀಟಿನ ಮನೆ ಒಳಗೇ ಇಟ್ಟಿದ್ದೀರಾ" ಎಂದಳು ಸರ್ವಮಂಗಳ.

ನನಗೆ ನಿಜಕ್ಕೂ ನಾಚಿಕೆಯಾಯಿತು. ಕ್ಷಮೆ ಕೇಳಬೇಕು ಅನ್ನಿಸಿತು. ಮೊದಲು ಲಾಗ್ ಸರಿಯಾಗಲಿ, ಆಮೇಲೆ ಕೇಳಿದರಾಯಿತು ಎಂದು ಲ್ಯಾಪ್‌ಟಾಪಿನ ಮುಂದೆ ಕುಳಿತೆ.

ಅಲ್ಲಿಂದಾಚೆಗೆ ಮನೆಯಲ್ಲಿ ಎಂಥ ಶಾಂತಿ! ಆಕ್ಷೇಪಣೆಯಿಲ್ಲ, ಗೊಣಗಾಟವಿಲ್ಲ. ಕಾಫಿ ಸದ್ದಿಲ್ಲದೆ ಮೇಜಿಗೆ ಬರುತ್ತಿತ್ತು, ಲೋಟ ಸದ್ದಿಲ್ಲದೆ ಹೋಗುತ್ತಿತ್ತು. ಬುಧವಾರ ಮಗಳು ಚಂದನಾಳಿಗೆ ಹೆಮ್ಮೆಯಿಂದ ಹೇಳಿದೆ:

"ನಿಮ್ಮಮ್ಮನ ಸಿಟ್ಟೆಲ್ಲ ಇಳಿದಿದೆ ನೋಡು. ಒಂದು ಕಂಪ್ಲೇಂಟೂ ಇಲ್ಲ!"

"ಅಪ್ಪಾ, ಅಮ್ಮ ಭಾನುವಾರದಿಂದ ನಿಮ್ಮ ಹತ್ರ ಮಾತು ಬಿಟ್ಟಿದ್ದಾಳೆ."

"ಹೌದಾ? ಮತ್ತೆ ಅವಳು ನಂಗೆ ಹೇಳ್ಲೇ ಇಲ್ವಲ್ಲ!"

ಚಂದನಾ ನನ್ನ ಮುಖವನ್ನೂ ಲ್ಯಾಪ್‌ಟಾಪನ್ನೂ ಒಮ್ಮೆ ನೋಡಿದಳು.

"ಮಾತು ಬಿಟ್ಟೋಳು ಹೇಗಪ್ಪಾ ಹೇಳ್ತಾಳೆ?"