ಹಾಡುಗಾರನ ಜುಟ್ಟು ಮತ್ತು ನಮ್ಮ ಕೊನೆಯ ಆಲ್ಬಮ್

ನಾನು ಕೈ ಹಾಕಿದ ಕೆಲಸ ನೆಟ್ಟಗೆ ಮುಗಿದದ್ದು ನನಗಂತೂ ನೆನಪಿಲ್ಲ. ನಿವೃತ್ತಿಯಾದ ಮೇಲೆ ಅದೇ ಒಂದು ಆಸ್ತಿ. ಸಂಜೆ ಮುಂಬಯಿ ಪಕ್ಕದ ಕೋಪರಿಯ ನಮ್ಮ ಬಿಲ್ಡಿಂಗಿನ ಬೆಂಚಿನ ಮೇಲೆ ಕೂತು ಒಂದೊಂದೇ ಹೇಳಿದರೆ ಜನ ನಗುತ್ತಾರೆ, ಇನ್ನೊಂದು ಹೇಳಿ ಅನ್ನುತ್ತಾರೆ. ಹಾಗಾದರೆ ನಮ್ಮ ಆಲ್ಬಮ್ ಒಂಚೂರು ಕೇಳಿ ಅಂದೆನೋ, ಎಲ್ಲರಿಗೂ ಒಟ್ಟಿಗೇ ಮನೆ ನೆನಪಾಗುತ್ತದೆ.

ಹೌದು, ಆಲ್ಬಮ್. ಡೊಂಬಿವಲಿಯ ಕಾಲೇಜು ದಿನಗಳಲ್ಲಿ ನಾವು ನಾಲ್ವರು ಸೇರಿ ರಾಕ್ ಬ್ಯಾಂಡ್ ಕಟ್ಟಿದೆವು. ಸಾದಾ ರಾಕ್ ಅಲ್ಲ. ಭುಜದ ತನಕ ಕೂದಲು, ಕಣ್ಣಿಗೆ ಕಾಡಿಗೆ, ತುಟಿಗೆ ಲಿಪ್‌ಸ್ಟಿಕ್, ಜೋರಾಗಿ ಉಸಿರೆಳೆದರೆ ಹರಿಯುವಂಥ ಮಿನುಗುವ ಪ್ಯಾಂಟು, ಪಕ್ಕದ ಓಣಿಯ ಕಿಟಕಿ ಅದುರುವಂಥ ಸದ್ದು. ಹಾಡುಗಾರ ಉಡುಪಿ ಕಡೆಯವನು, ಮುಂದೆ ಬ್ಯಾಂಕ್ ಸೇರಿದ. ಗಿಟಾರಿನವನು ಹುಬ್ಬಳ್ಳಿಯವನು, ಶಹಾಡಿನ ಕಾರ್ಖಾನೆಯಲ್ಲಿ ಎಂಜಿನಿಯರ್ ಆದ. ಬಾಸ್ ಗಿಟಾರಿನವನು ಬೇಲಾಪುರದಲ್ಲಿ ಲೆಕ್ಕಪತ್ರ ನೋಡಿಕೊಂಡ. ನನಗೆ ಹಗಲು ವಿಮಾ ಕಚೇರಿಯ ಫೈಲು, ಸಂಜೆ ಡ್ರಮ್ಮು.

ಆಗ ಒಂದು ಕ್ಯಾಸೆಟ್ ತಂದೆವು. ಅದರಲ್ಲೊಂದು ಹಾಡು ಓಡಿತು: 'ಡೊಂಬಿವಲಿ ಡಾರ್ಲಿಂಗ್'. ಅರ್ಧ ಗಂಟೆಯಲ್ಲಿ ಗೀಚಿದ ಹಾಡು. ಆಮೇಲೆ ಗಣಪತಿ ಪೆಂಡಾಲಿರಲಿ, ಮದುವೆ ಇರಲಿ, ಜನರಿಗೆ ಅದೇ ಬೇಕು. ನಿವೃತ್ತರಾದ ಮೇಲೆ ಹಟಕ್ಕೆ ಬಿದ್ದು, ಇದ್ದ ಬುದ್ಧಿಯನ್ನೆಲ್ಲ ಸುರಿದು ಒಂಬತ್ತು ಹಾಡಿನ ಆಲ್ಬಮ್ ಮಾಡಿದೆವು. ನಡುವೆ ಒಂದು ನಿಧಾನದ ಹಾಡು. ಡ್ರಮ್ಮಿಲ್ಲ, ಬಾಸಿಲ್ಲ, ಗಿಟಾರಿನವನು ಕೂಡಿಸಿದ ರಾಗ, ಹಾಡುಗಾರನ ದನಿ, ಅಷ್ಟೇ.

ಗಿಟಾರಿನವನ ಬಗ್ಗೆ ಎರಡು ಮಾತು ಹೇಳಲೇಬೇಕು. ಸದ್ದು ಕಡಿಮೆ ಮಾಡೋ ಅಂದರೆ 'ಹೂಂ ಹೂಂ' ಅಂದು ಇನ್ನೂ ಏರಿಸುವ ಆಸಾಮಿ. ಸ್ಪೀಕರ್ ಡಬ್ಬಕ್ಕೆ ಮೊಣಕಾಲು ಒತ್ತಿ ನಿಂತು, ಕಣ್ಣು ಮಿಟುಕಿಸದೆ ಹಾಡುಗಾರನ ಮುಖವನ್ನೇ ನೋಡುತ್ತಿದ್ದ. 'ನನ್ನ ಹಾಡನ್ನು ಇಷ್ಟು ಭಕ್ತಿಯಿಂದ ಕೇಳುವವ ಇನ್ನೊಬ್ಬ ಹುಟ್ಟಲಿಕ್ಕಿಲ್ಲ' ಎಂದು ಹಾಡುಗಾರ ಊರೆಲ್ಲ ಹೇಳಿಕೊಂಡು ತಿರುಗಿದ್ದ.

ರೆಕಾರ್ಡಿಂಗ್ ಮುಗಿಯುತ್ತಲೇ ಗಿಟಾರಿನವನು ಆಸ್ಪತ್ರೆ ಸೇರಿದ. ಕೊನೆಯ ಸಲ ನೋಡಲು ಹೋದಾಗ ಇಡೀ ವಾರ್ಡಿಗೆ ಕೇಳುವಂತೆ ಹೇಳಿದ: "ಹೊರಗಿನಾಂವ ಒಬ್ಬನ ಒಬ್ಬ ಪೂರ್ತಿ ಕೇಳಿದ್ರ ಸಾಕಲೇ." ಅವನು ಹೋದ. ಹಾಡುಗಾರ ಅಲ್ಲೇ ಶಪಥ ಮಾಡಿದ: ನಮ್ಮವರಲ್ಲದ, ನೆಂಟರಲ್ಲದ ಒಬ್ಬರು ಒಂಬತ್ತೂ ಹಾಡು ಕೇಳುವ ತನಕ ಜುಟ್ಟು ಕತ್ತರಿಸುವುದಿಲ್ಲ. ಬೋಳಾಗಿದ್ದ ತಲೆಯ ಹಿಂದೆ ಇಲಿಯ ಬಾಲದಂತೆ ನೇತಾಡುವ ನಾಲ್ಕು ಕೂದಲು, ಅದೇ ಜುಟ್ಟು. ಅವನ ಹೆಂಡತಿ ಆವತ್ತಿನಿಂದ ಕತ್ತರಿಯನ್ನು ಫ್ರಿಜ್ಜಿನ ಮೇಲೆ ಸಿದ್ಧವಾಗಿಟ್ಟಿದ್ದಳು.

೧. ಬಣ್ಣ

ಗಿಟಾರಿನವನು ಇನ್ನೂ ಓಡಾಡಿಕೊಂಡಿದ್ದಾಗಲೇ ಮುಖಪುಟದ ಫೋಟೋ ತೆಗೆಸಿದ್ದೆವು. ಮೊದಲಿನ ಹಾಗೆ ಬಣ್ಣ ಹಚ್ಚಲೇಬೇಕೆಂದು ಹಾಡುಗಾರನ ಹಟ. ಅರವತ್ತು ದಾಟಿದ ಕೆನ್ನೆಗೆ ಬಣ್ಣ ಹಚ್ಚುವ ಧೈರ್ಯ ಯಾವ ಬ್ಯೂಟಿ ಪಾರ್ಲರಿಗೂ ಬರಲಿಲ್ಲ. ಕೊನೆಗೆ ಡೊಂಬಿವಲಿಯಲ್ಲೇ ಇರುವ, ಯಕ್ಷಗಾನದವರಿಗೆ ಬಣ್ಣ ಬರೆಯುವ ಹಿರಿಯರೊಬ್ಬರು ಸಿಕ್ಕರು. ರಾಕ್ ಬ್ಯಾಂಡ್ ಅಂದರೆ ಏನು ಎಂದು ನಾವು ಎಷ್ಟು ವಿವರಿಸಿದರೂ ಅವರ ಪ್ರಶ್ನೆ ಒಂದೇ: ರಾಜವೇಷವೋ, ಬಣ್ಣದ ವೇಷವೋ, ಸ್ತ್ರೀವೇಷವೋ? ಉದ್ದ ಕೂದಲು, ಲಿಪ್‌ಸ್ಟಿಕ್ ಅಂದದ್ದು ಕೇಳಿ ತಾವೇ ತೀರ್ಮಾನಿಸಿದರು. ಹಾಡುಗಾರನಿಗೆ ಸ್ತ್ರೀವೇಷ, ನನಗೆ ಬಣ್ಣದ ವೇಷ, ಅಂದರೆ ರಾಕ್ಷಸ.

ಫೋಟೋಕ್ಕೆಂದು ಓಣಿಯಲ್ಲಿ ನಿಂತಾಗ ಮಂಗಳೂರು ಕಡೆಯ ಅಜ್ಜಿಯೊಬ್ಬರು ನಿಂತು ನೋಡಿದರು. ಇವತ್ತು ಯಕ್ಷಗಾನದ ಆಟ ಎಲ್ಲಿ ಎಂದು ಕೇಳಿದರು. ಆಟ ಅಲ್ಲ ಅಮ್ಮ, ನಾವು ಹಾಡಿನ ಬ್ಯಾಂಡಿನವರು, ಹೊಸ ಆಲ್ಬಮ್ ಬರ್ತಾ ಇದೆ ಎಂದೆ. ಅಜ್ಜಿ ಹಾಡುಗಾರನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದರು: "ಹೋ, ಡೊಂಬಿವಲಿ ಡಾರ್ಲಿಂಗ್! ಪಾಪ, ಡಾರ್ಲಿಂಗಿಗೂ ವಯಸ್ಸಾಯ್ತಲ್ಲ."

೨. ಬಿಡುಗಡೆ

ಬಿಡುಗಡೆ ಕನ್ನಡ ಸಂಘದ ಸಭಾಂಗಣದಲ್ಲಿ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಗಣ್ಯರಿಗೆ ಹೂಗುಚ್ಛ. ಗಣ್ಯರು ಎಷ್ಟಿದ್ದರೆಂದರೆ ಅವರು ವೇದಿಕೆ ಹತ್ತಿದ ಮೇಲೆ ಕೆಳಗೆ ಸಭೆ ತೆಳ್ಳಗಾಯಿತು. ಅಧ್ಯಕ್ಷರು ಆಲ್ಬಮ್ಮಿನ ಬಣ್ಣದ ಕಾಗದ ಬಿಚ್ಚಿ, ಕ್ಯಾಮೆರಾದ ಕಡೆ ಎತ್ತಿ ಹಿಡಿದು, ಇದು ನಮ್ಮ ಭಜನೆಯ ಪರಂಪರೆಗೆ ಅಮೂಲ್ಯ ಕೊಡುಗೆ ಎಂದರು. ಮುಖಪುಟದಲ್ಲಿ ಹಾಡುಗಾರ ಸ್ತ್ರೀವೇಷದಲ್ಲಿ ನಾಲಗೆ ಚಾಚಿ ನಿಂತಿದ್ದ. ಅದನ್ನು ದೇವಿಯೆಂದು ತಿಳಿದರೋ ಏನೋ.

ಶಾಲು, ಫಲಪುಷ್ಪ, ಭಾಷಣ, ಭಾಷಣಕ್ಕೆ ಉತ್ತರ ಭಾಷಣ. ಹಾಡು ಮಾತ್ರ ಇಲ್ಲ. ಅಷ್ಟರಲ್ಲಿ ಯಾರೋ ಕಿವಿಯಲ್ಲಿ ಪಿಸುಗುಟ್ಟಿದರು: ಮುಂದೆ ನಾಮಕರಣದವರ ಬುಕಿಂಗ್ ಇದೆ, ತೊಟ್ಟಿಲು ಬಾಗಿಲಿಗೆ ಬಂದಿದೆ. ನಿರೂಪಕಿ ಗಾಬರಿಯಾಗಿ, ಅಗಲಿದ ಗಿಟಾರ್ ವಾದಕರಿಗಾಗಿ ಒಂದು ನಿಮಿಷ ಮೌನ ಎಂದಳು. ಎಲ್ಲರೂ ಎದ್ದು ನಿಂತೆವು. ಜೀವಮಾನದಲ್ಲಿ ಒಂದು ನಿಮಿಷ ಸುಮ್ಮನಿರದ ಮನುಷ್ಯ. ಅವನ ರಾಗ ಕೇಳಿಸಲು ಆ ಒಂದು ನಿಮಿಷವಾದರೂ ಸಿಗುತ್ತಿತ್ತು, ಅದನ್ನೂ ಮೌನಕ್ಕೆ ಕೊಟ್ಟರು.

ಮೌನ ಮುಗಿದ ಕೂಡಲೇ ಹಿಂದಿನ ಸಾಲಿನಿಂದ ಒಂದು ದನಿ: "ಡೊಂಬಿವಲಿ ಡಾರ್ಲಿಂಗ್ ಹಾಡ್ರೀ!" ಹಾಡುಗಾರ ಹಲ್ಲು ಕಚ್ಚಿ ಮೈಕ್ ಹಿಡಿದ. ಊಟ ತಯಾರಿದೆ ಎಂದು ನಿರೂಪಕಿ ಹೇಳಿದಳು. ಆಮೇಲೆ ಸಭಾಂಗಣದಲ್ಲಿ ಉಳಿದದ್ದು ನಾವು ಮತ್ತು ತೊಟ್ಟಿಲು.

೩. ಹೋಟೆಲ್

ಕಲ್ಯಾಣ್ ಸ್ಟೇಷನ್ನಿನ ಹತ್ತಿರ ಹೋಟೆಲಿಟ್ಟ ಶೆಟ್ಟರು ಹಾಡುಗಾರನ ಊರಿನವರು. ಆಲ್ಬಮ್ಮನ್ನು ಹೋಟೆಲಿನಲ್ಲಿ ದಿನಾ ಹಾಕುತ್ತೇನೆ ಎಂದು ಪೆನ್‌ಡ್ರೈವ್ ಇಸಿದುಕೊಂಡರು. ಊಟಕ್ಕೆ ಕೂತವನು ಎದ್ದು ಹೋಗುವುದೆಲ್ಲಿಗೆ, ಪೂರ್ತಿ ಕೇಳಲೇಬೇಕು ಎಂದು ನಮ್ಮ ಲೆಕ್ಕಾಚಾರ. ವಾರ ಬಿಟ್ಟು ನಾನೂ ಹಾಡುಗಾರನೂ ಹೋದಾಗ ಶೆಟ್ಟರು ಗಲ್ಲಾ ಬಿಟ್ಟು ಎದ್ದು ಬಂದು ಹಾಡುಗಾರನ ಎರಡೂ ಕೈ ಹಿಡಿದುಕೊಂಡರು. ನಮಗಿಬ್ಬರಿಗೂ ಮಸಾಲೆ ದೋಸೆ ಬಂತು, ಕೇಳದೆಯೇ.

"ಎಂಥ ಆಲ್ಬಮ್ ಮಾರಾಯ್ರೆ! ಮಧ್ಯಾಹ್ನ ರಶ್ ಟೈಮಲ್ಲಿ ಜನ ಕೂತು ಹರಟೆ ಹೊಡೀತಿದ್ರು, ಹೊರಗೆ ಕ್ಯೂ. ಈಗ ನಿಮ್ಮ ಮೊದಲನೇ ಹಾಡಿಗೆ ಸಾಂಬಾರು ಮುಗೀತದೆ, ಎರಡನೆಯದಕ್ಕೆ ಟೇಬಲ್ ಖಾಲಿ."

ಹಾಡುಗಾರ ದೋಸೆ ಮುರಿಯುತ್ತಾ ಮೆಲ್ಲಗೆ ಕೇಳಿದ: "ಮೂರನೆಯದು?"

"ಮೂರನೆಯದರ ಅಗತ್ಯವೇ ಬರ್ಲಿಲ್ಲ ಮಾರಾಯ್ರೆ."

೪. ಬೇಲಾಪುರದ ರಸಿಕ

ನನ್ನ ಅಳಿಯ ಹಾಡುಗಳನ್ನು ಇಂಟರ್ನೆಟ್ಟಿಗೆ ಏರಿಸಿದ. ಯಾವ ಊರಲ್ಲಿ ಎಷ್ಟು ಜನ ಕೇಳಿದರೆಂಬ ಲೆಕ್ಕ ಅಲ್ಲೇ ಕಾಣುತ್ತದೆ; ಬಹಳ ದಿನ ಬರೀ ಸೊನ್ನೆ. ಒಂದು ದಿನ ಹಾಡುಗಾರನ ಫೋನ್: ನವಿಮುಂಬಯಿಯಲ್ಲಿ ಯಾರೋ ಮಧ್ಯಾಹ್ನ ಊಟವಾದ ಮೇಲೆ ದಿನಾ ಒಂಬತ್ತೂ ಹಾಡು ಕೇಳುತ್ತಿದ್ದಾರೆ! ಅವನ ಹೆಂಡತಿ ಫ್ರಿಜ್ಜಿನ ಮೇಲಿಂದ ಕತ್ತರಿ ಕೆಳಗಿಳಿಸಿದ್ದಳು. ನನಗೆ ಸಂಶಯ ಬಂದು ನವಿಮುಂಬಯಿಯಲ್ಲೇ ಇರುವ ಬೇಲಾಪುರಕ್ಕೆ, ನಮ್ಮ ಬಾಸ್ ಗಿಟಾರಿನವನ ಮನೆಗೆ ಫೋನ್ ಮಾಡಿದೆ. ಅವನ ಹೆಂಡತಿ ಎತ್ತಿದಳು. ಹೌದು, ನಮ್ಮವರೇ ಹಚ್ಚೋದು, ಮೊದಲನೇ ಹಾಡಿಗೇ ನಿದ್ದೆ ಹತ್ತತ್ತೆ, ಡಾಕ್ಟರು ಕೊಟ್ಟ ಗುಳಿಗೆ ಬಿಟ್ಟೇಬಿಟ್ಟಿದ್ದಾರೆ ಅಂದಳು. ಕತ್ತರಿ ಮತ್ತೆ ಮೇಲೆ ಹೋಯಿತು.

೫. ಮಾಜಿವಾಡಾದ ಜಾಮ್

ಗಿಟಾರಿನವನ ವರ್ಷದ ತಿಥಿ ಭಾನುವಾರ ಬಂತು. ಭಾನುವಾರವೆಂದರೆ ರೈಲಿಗೆ ಮೆಗಾಬ್ಲಾಕ್, ಹಳಿ ರಿಪೇರಿಗೆಂದು ಓಡಾಟವೇ ಬಂದ್. ಹಾಡುಗಾರ ಬೆಳಿಗ್ಗೆಯೇ ಕೋಪರಿಗೆ ಬಂದ, ನನ್ನ ಮಗಳು ಅವಳ ಫೋನಿನಿಂದ ಶಹಾಡಿಗೆ, ಗಿಟಾರಿನವನ ಮನೆಗೆ, ಟ್ಯಾಕ್ಸಿ ಮಾಡಿಕೊಟ್ಟಳು. ಮುಂದಿನ ಸೀಟಿನ ಬೆನ್ನಿಗೆ ಏನೋ ಬೋರ್ಡು ತೂಗುತ್ತಿತ್ತು. ನಾನು ಅದರ ಮೇಲೆ ಹೂವಿನ ಹಾರದ ಚೀಲ ಸಿಕ್ಕಿಸಿದೆ. ಹಾಡುಗಾರ ಮುಂದೆ ಕೂತವನೇ ಪೆನ್‌ಡ್ರೈವ್ ತೋರಿಸಿ ಹುಬ್ಬೇರಿಸಿದ. ಡ್ರೈವರ್, ಇನ್ನೂ ಮೂವತ್ತು ದಾಟದವನು, ನಕ್ಕು ಹೆಬ್ಬೆರಳೆತ್ತಿದ. ಹಾಡುಗಾರ ಸದ್ದನ್ನು ತುದಿಯವರೆಗೆ ತಿರುಗಿಸಿದ. ಡ್ರೈವರ್ ಚಕಾರ ಎತ್ತಲಿಲ್ಲ.

ದಾರಿಯಲ್ಲಿ ಮಾಜಿವಾಡಾದ ವೃತ್ತದಲ್ಲಿ ಗಾಡಿಗಳು ಹಂದಾಡಲಿಲ್ಲ. ಎಲ್ಲರೂ ಶಪಿಸುವ ಆ ಜಾಮ್‌ಗೆ ನಾವಿಬ್ಬರು ಮನಸ್ಸಿನಲ್ಲೇ ಕೈ ಮುಗಿದೆವು. ಡ್ರೈವರನ ಬೆರಳು ಸ್ಟೇರಿಂಗ್ ಮೇಲೆ ತಾಳ ಹಾಕುತ್ತಿತ್ತು, ಒಂದೇಟೂ ತಪ್ಪದೆ. ಒಂದು, ಎರಡು, ಮೂರು ಹಾಡು ದಾಟಿತು. ಕಲ್ಯಾಣದ ಶೆಟ್ಟರ ದಾಖಲೆ ಮುರಿಯಿತು. ಆಮೇಲೆ ಆ ನಿಧಾನದ ಹಾಡು ಬಂತು. ಬೆರಳು ನಿಂತವು. ಡ್ರೈವರ್ ಸ್ಪೀಕರಿನ ಮೇಲೆ ಅಂಗೈ ಇಟ್ಟ, ಬೇಸರದಿಂದ ತಲೆಯಾಡಿಸಿದ, ಕಣ್ಣುಜ್ಜಿಕೊಂಡ.

ಹಾಡುಗಾರ ಹಿಂದೆ ತಿರುಗಿದ. ಅವನ ಕಣ್ಣು ತುಂಬಿತ್ತು. "ನೋಡಿದ್ಯಾ? ತಾಳ ಇದ್ರೆ ಎಲ್ಲರೂ ಬೆರಳು ಆಡಿಸ್ತಾರೆ ಮಾರಾಯ. ಇವ ನನ್ನ ಸ್ವರಕ್ಕೆ ಬೆರಳು ನಿಲ್ಲಿಸಿದ."

ಶಹಾಡಿನ ಸೇತುವೆ ಇಳಿಯುವಾಗ ಒಂಬತ್ತನೆಯದೂ ಮುಗಿಯಿತು. ಗಾಡಿ ನಿಂತದ್ದೇ ಹಾಡುಗಾರ ಡ್ರೈವರನ ಕೈ ಹಿಡಿದು ಎಳೆದುಕೊಂಡು ಗಿಟಾರಿನವನ ಮನೆ ಬಾಗಿಲಿಗೆ ಹೋದ. ಗಿಟಾರಿನವನ ಹೆಂಡತಿ ಹೊರಗೆ ಬಂದರು. "ಅತ್ತಿಗೆ, ಒಬ್ಬರು ಪೂರ್ತಿ ಕೇಳಿದ್ರು. ಇಗೊಳ್ಳಿ, ಇವರೇ."

ಇತ್ತ ನಾನು ಹಾರದ ಚೀಲ ತೆಗೆದೆ. ಬೋರ್ಡು ಕಾಣಿಸಿತು. ಹಿಂದಿಯಲ್ಲಿ ಬರೆದಿತ್ತು: ಚಾಲಕರಿಗೆ ಕಿವಿ ಕೇಳಿಸುವುದಿಲ್ಲ, ಏನಿದ್ದರೂ ಬರೆದು ತೋರಿಸಿ.

ನಾನು ಬಾಗಿಲಿಗೆ ಬರುವಷ್ಟರಲ್ಲಿ ಡ್ರೈವರ್ ತನ್ನ ಫೋನಿನಲ್ಲಿ ಏನೋ ಬರೆದು ಅತ್ತಿಗೆಗೆ ಕೊಟ್ಟಿದ್ದ. ಅವರು ಓದಿ ಹೇಳಿದರು: ನನ್ನ ಗಾಡಿ ಇಷ್ಟು ಚೆನ್ನಾಗಿ ಯಾವತ್ತೂ ನಡುಗಿರಲಿಲ್ಲ, ಡ್ರಮ್ ಬಾರಿಸಿದವರು ಯಾರು? ನಡುವೆ ಸ್ವಲ್ಪ ಹೊತ್ತು ಸಿಸ್ಟಮ್ ಕೆಟ್ಟುಹೋಗಿತ್ತು, ಕ್ಷಮಿಸಿ.

ನಾನು ಕೈ ಎತ್ತಿದೆ. ಡ್ರೈವರ್ ಬಂದು ನನ್ನ ಕೈ ಕುಲುಕಿದ. ತಿಥಿಮನೆ ಎಂಬುದನ್ನೂ ಮರೆತು ನಾನು ಹಿಗ್ಗಿದೆ, ಸುಳ್ಳೇಕೆ ಹೇಳಲಿ. ಬೋರ್ಡಿನಲ್ಲಿದ್ದುದನ್ನು ನಾನು ಹೇಳಿದ್ದೇ, ಹಾಡುಗಾರ ಮೆಟ್ಟಿಲ ಮೇಲೆ ಕೂತು, ಇದು ಲೆಕ್ಕಕ್ಕಿಲ್ಲ, ಇದು ಲೆಕ್ಕಕ್ಕಿಲ್ಲ ಅನ್ನತೊಡಗಿದ.

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಳುತ್ತಿದ್ದರೋ ನಗುತ್ತಿದ್ದರೋ ಗೊತ್ತಾಗಲಿಲ್ಲ. "ಲೆಕ್ಕಕ್ಕ ಐತ್ರಿ. ಅವರಿಗೂ ಹಿಂಗ ಕೇಳಸ್ತಿತ್ತು. ಭಾಳ ವರ್ಷ ಆತು ಕಿವಿ ಹೋಗಿ. ಮೊಣಕಾಲಿಲೆ ಸ್ಪೀಕರ್ ಮುಟ್ಟಿ ಡ್ರಮ್ ತಿಳಕೊಂತಿದ್ರು. ನಿಮಗ ಗೊತ್ತಾದ್ರ ಬ್ಯಾಂಡ್‌ನಿಂದ ತಗದಹಾಕ್ತೀರಿ ಅಂತ ಅಂಜಿಕಿ, ಯಾರಿಗೂ ಹೇಳಬ್ಯಾಡ ಅಂದಿದ್ರು."

ಹಾಡುಗಾರ ತಲೆ ಎತ್ತಿದ. "ಮತ್ತೆ ನನ್ನ ಮುಖವನ್ನೇ ಅಷ್ಟು ಭಕ್ತಿಯಿಂದ ನೋಡ್ತಿದ್ನಲ್ಲ ಅತ್ತಿಗೆ?"

"ಬಾಯಿ ನೋಡ್ತಿದ್ರರಿ. ಅಂವ ಬಾಯಿ ಮುಚ್ಚಿದ ಕೂಡ್ಲೆ ನಾ ಚಾಲೂ ಮಾಡಬೇಕು ಅಂತಿದ್ರು."

ಊಟಕ್ಕೆ ಡ್ರೈವರನನ್ನೂ ನಮ್ಮ ಸಾಲಿನಲ್ಲೇ ಕೂರಿಸಿದರು. ಹಾಡುಗಾರ ಹೋಳಿಗೆ ಮುಟ್ಟದೆ ಎದ್ದು, ಶಹಾಡ್ ಸ್ಟೇಷನ್ನಿನ ಎದುರಿನ ಸಲೂನಿಗೆ ಹೋಗಿ ಜುಟ್ಟು ಕತ್ತರಿಸಿಕೊಂಡು ಬಂದ. ಹೆಂಡತಿಯ ಕತ್ತರಿಗೆ ಆ ಭಾಗ್ಯವೂ ಸಿಗಲಿಲ್ಲ. ಅಂದಿನಿಂದ ನನ್ನ ಹತ್ತಿರ ಅವನ ಮಾತು ಅಷ್ಟಕ್ಕಷ್ಟೇ. ಯಾವಾಗಲಾದರೂ ಮಾತಾಡಿದರೆ ನಾನು ಕಣ್ಣು ಮಿಟುಕಿಸದೆ, ಬಹಳ ಭಕ್ತಿಯಿಂದ, ಅವನ ಬಾಯಿಯನ್ನೇ ನೋಡುತ್ತೇನೆ.