ಟೇಪು ಹಿಡಿದವಳ ಸೊಂಟ

ಸಣ್ಣ ಆಗಬೇಕು ಅಂತ ಮನಸ್ಸು ಮಾಡಿದ ಹೆಂಗಸರು ಮೊದಲು ಹೋಗೋದು ಡಾಕ್ಟರ ಹತ್ತಿರ ಅಲ್ಲ, ಜಿಮ್ಮಿಗೂ ಅಲ್ಲ. ನನ್ನ ಅಂಗಡಿಗೆ. ಮಾರೇನಹಳ್ಳಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಲೇಡೀಸ್ ಟೈಲರ್ ನಾನು. ಆಸೆಯನ್ನ ಮೊದಲು ಹೊಲಿಸಿಟ್ಟುಕೊಂಡು, ಆಮೇಲೆ ಅದರೊಳಗೆ ಮೈ ತೂರಿಸೋಣ ಅನ್ನೋದು ಎಲ್ಲರ ಲೆಕ್ಕಾಚಾರ. ಹಾಗಾಗಿ ನನ್ನ ಅಂಗಡಿಯಲ್ಲಿ ನಗುವಿಗೆ ಯಾವತ್ತೂ ಬರ ಬಂದಿಲ್ಲ. ನಗು ಬಾಯಿಗೆ ಬರದ ಹಾಗೆ ತಡೆಯೋದೇ ಕಷ್ಟ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿರ್ತೀನಲ್ಲ.

ಉಸಿರು ಬಿಡದ ಮೇಡಮ್

ನಮ್ಮ ಹಳೇ ಗಿರಾಕಿ ಒಬ್ಬರು ಬ್ಯಾಂಕಿನಲ್ಲಿ ಆಫೀಸರು. ಬಸವೇಶ್ವರನಗರದಿಂದ ಸ್ಕೂಟರಲ್ಲಿ ಬರ್ತಾರೆ. ಮಾತಿಗೆ ನಿಂತರೆ ನಿಲ್ಲಿಸೋರೇ ಇಲ್ಲ. ಆದರೆ ಟೇಪು ಸೊಂಟಕ್ಕೆ ಬಂತೋ, ಹೊಟ್ಟೆಯನ್ನ ಬೆನ್ನಿಗೆ ಅಂಟಿಸಿ, ಉಸಿರು ಕಟ್ಟಿ, ಗೋಡೆ ಮೇಲಿನ ಗಡಿಯಾರ ನೋಡ್ತಾ ನಿಂತುಬಿಡ್ತಾರೆ. ಆ ಅಳತೆಗೆ ಹೊಲಿದರೆ ಚೂಡಿದಾರ್ ಹಾಕಿಕೊಂಡು ಅವರು ಉಸಿರಾಡೋ ಹಾಗಿಲ್ಲ.

ನಾನೂ ಒಂದು ಉಪಾಯ ಕಂಡುಕೊಂಡೆ. ಟೇಪು ಸುತ್ತಿ ಹಿಡಿದು, "ಮಗಳ ರಿಸಲ್ಟ್ ಬಂತಾ ಮೇಡಮ್?" ಅಂತ ಕೇಳ್ತಿದ್ದೆ. ಅವರು "ಬಂತು ಕಣ್ರೀ" ಅಂತ ಬಾಯಿ ಬಿಟ್ಟ ತಕ್ಷಣ ಹೊಟ್ಟೆ ತನ್ನ ಜಾಗಕ್ಕೆ ವಾಪಸ್ಸು. ನಾನು ನಂಬರ್ ನೋಡಿಕೊಳ್ತಿದ್ದೆ.

ಎರಡು ಮೂರು ಸಲ ಆದ ಮೇಲೆ ಅವರಿಗೆ ನನ್ನ ಕಳ್ಳತನ ಗೊತ್ತಾಯ್ತು. ಆಮೇಲೆ ಏನು ಕೇಳಿದರೂ ತಲೆ ಆಡಿಸೋದು ಅಷ್ಟೇ. ಮಗಳು ಚೆನ್ನಾಗಿದ್ದಾಳಾ? ಹೂಂ ಅಂತ ತಲೆ. ಯಜಮಾನರಿಗೆ ವರ್ಗ ಆಯ್ತಾ? ಇಲ್ಲ ಅಂತ ತಲೆ. ಟೇಪು ಹಿಡಿದು ಹಿಡಿದು ನನ್ನ ಕೈ ಸೋತಿತು. ಅವರ ಮುಖ ಕೆಂಪಾಗ್ತಾ ಬಂತು.

ಕೊನೆಗೆ ಮೆಲ್ಲಗೆ ಕೇಳಿದೆ. "ನಿಮ್ಮತ್ತೆ ಊರಿಂದ ಬಂದಿದಾರಂತೆ. ಹೇಗಿದಾರೆ?"

"ಅಯ್ಯೋ, ಏನ್ ಹೇಳ್ಲಿ ನಿಮಗೆ!" ಅಂದರು ಮೇಡಮ್. ಟೇಪು ನನ್ನ ಬೆರಳ ಸಂದಿಯಿಂದ ನಾಲ್ಕು ಇಂಚು ಜಾರಿಕೊಂಡು ಹೋಯ್ತು.

ಸೋರೆಕಾಯಿ ಮಹಾತ್ಮೆ

ವಿಜಯನಗರದ ಒಬ್ಬರು ಮಗಳ ಮದುವೆಗೆ ರೇಷ್ಮೆ ಬ್ಲೌಸ್ ಹೊಲಿಸೋಕೆ ಬಂದರು. ಅಳತೆ ತಗೊಂಡೆ. ಆಕೆ ಬಗ್ಗಿ ಚೀಟಿ ನೋಡಿ, "ಇದರಲ್ಲಿ ಎರಡಿಂಚು ಕಮ್ಮಿ ಮಾಡಿ ಹೊಲೀರಿ" ಅಂದರು.

"ಯಾಕೆ ಆಂಟಿ?"

"ಮದುವೆಗೆ ಇನ್ನೂ ಆರು ವಾರ ಇದೆ. ನಾಳೆಯಿಂದ ಬರೀ ಸೋರೆಕಾಯಿ ಜ್ಯೂಸು. ಫೋನಲ್ಲಿ ವಿಡಿಯೋ ನೋಡಿದೀನಿ. ಒಂದು ಹೆಂಗಸು ಅದರಲ್ಲೇ ಹಗ್ಗದ ಥರ ಆಗಿದ್ದಾಳೆ."

"ಊಟ ಸ್ವಲ್ಪ ಹಿಡಿತದಲ್ಲಿಟ್ಟು, ದಿನಾ ಒಂದಿಷ್ಟು ಓಡಾಡಿದರೆ ಸಾಕಲ್ವಾ?" ಅಂದೆ.

"ಅದು ಎಲ್ಲರಿಗೂ ಗೊತ್ತಿರೋದು ಬಿಡಿ" ಅಂದರು, ಗೊತ್ತಿರೋದೇ ಅದರ ದೋಷ ಅನ್ನೋ ಹಾಗೆ.

ಹತ್ತು ದಿನಕ್ಕೆ ಲೈನಿಂಗ್ ಬಟ್ಟೆ ಕೊಡೋಕೆ ಬಂದರು. ಕನ್ನಡಿ ಮುಂದೆ ನಿಂತವರು ಹಾಗೇ ಗೋಡೆ ಹಿಡಿದರು. "ತಲೆ ಗಿರ್ ಅಂತಿದೆ" ಅಂತ ಸ್ಟೂಲ್ ಮೇಲೆ ಕುಸಿದರು. ಗಾಬರಿಯಲ್ಲಿ ನೀರು ಕುಡಿಸಿ, ನನ್ನ ಡಬ್ಬಿ ಬಿಚ್ಚಿ ಉಪ್ಪಿಟ್ಟು ಮುಂದಿಟ್ಟೆ. "ಬೇಡ, ಬೇಡ, ಡಯಟ್ಟು" ಅಂತ ಅನ್ನುತ್ತಲೇ ಡಬ್ಬಿಯ ತಳ ಕಾಣಿಸಿದರು. ಮುಖಕ್ಕೆ ಬಣ್ಣ ಬಂತು. ಮೊದಲು ಆಡಿದ ಮಾತು, "ಚಟ್ನಿ ತಂದಿಲ್ವಾ?"

ಅವತ್ತೇ ತೀರ್ಮಾನ ಮಾಡಿದೆ. ಇವರ ಮಾತು ಕೇಳಿ ಹೊಲಿದರೆ ಧಾರೆ ಹೊತ್ತಿಗೆ ಹುಕ್ಕುಗಳು ಅಕ್ಷತೆ ಥರ ಹಾರ್ತವೆ. ನಾನು ತಗೊಂಡಿದ್ದ ಅಸಲಿ ಅಳತೆಗೇ ಹೊಲಿದು, ಬಾಯಿ ಮುಚ್ಚಿಕೊಂಡು ಕೊಟ್ಟೆ. ಮದುವೆ ದಿನ ಬ್ಲೌಸ್ ಅಚ್ಚುಕಟ್ಟಾಗಿ ಕೂತಿತ್ತು. ಛತ್ರದಲ್ಲಿ ಅವರು ಕಂಡಕಂಡವರಿಗೆಲ್ಲ ತೋಳೆತ್ತಿ ತೋರಿಸ್ತಿದ್ದರು. "ಎರಡಿಂಚು ಇಳಿದಿದೀನಿ! ಬರೀ ಸೋರೆಕಾಯಿ!"

ಮುಂದಿನ ವಾರ ಅದೇ ಛತ್ರದಲ್ಲಿ ಊಟ ಮಾಡಿದ್ದ ಐದು ಜನ ನನ್ನ ಅಂಗಡಿಗೆ ಬಂದು, ಎರಡೆರಡು ಇಂಚು ಕಮ್ಮಿ ಇಟ್ಟು ಹೊಲೀರಿ ಅಂದರು. ನಮ್ಮ ಕ್ರಾಸಿನ ತರಕಾರಿ ಗಾಡಿಯಲ್ಲಿ ಆ ತಿಂಗಳೆಲ್ಲ ನನಗೆ ಸಾರಿಗೂ ಒಂದು ಸೋರೆಕಾಯಿ ಸಿಗಲಿಲ್ಲ.

ಸ್ಟಾಪು ಜಾಸ್ತಿ ಇರೋ ಬಸ್ಸು

ಊರಿನವರ ಸೊಂಟ ನೋಡ್ತಾ ನೋಡ್ತಾ ನನ್ನ ಸೊಂಟ ನೋಡಿಕೊಳ್ಳೋದು ಮರೆತಿದ್ದೆ. ಮಂಡಿ ನೋವು ಅಂತ ಹೋದರೆ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, "ಸಕ್ಕರೆ ಕಾಯಿಲೆ ಬಾಗಿಲಲ್ಲಿ ನಿಂತಿದೆ. ಒಳಗೆ ಕರೀಬೇಕೋ ಬೇಡ್ವೋ, ನಿಮಗೆ ಬಿಟ್ಟಿದ್ದು" ಅಂದರು. ನನ್ನ ತಾಯಿ ಅದರಲ್ಲೇ ಕಣ್ಣು ಕಳಕೊಂಡವರು. ಸೂಜಿಗೆ ದಾರ ಪೋಣಿಸಿ ಬದುಕೋಳು ನಾನು.

"ದಿನಾ ಏನೇನು ತಿಂತೀರಿ?" ಅಂತ ಕೇಳಿದರು.

"ಏನೂ ಇಲ್ಲ ಡಾಕ್ಟ್ರೇ. ಎರಡು ಹೊತ್ತು ಊಟ ಅಷ್ಟೇ."

ಪಕ್ಕದಲ್ಲಿ ನಮ್ಮನೆಯವರು ಕೂತಿದ್ದರು. ಅವರು ಬಸ್ ಕಂಡಕ್ಟರು. ಮೂವತ್ತು ವರ್ಷದಿಂದ ನಿಂತೇ ದುಡಿದ ಮನುಷ್ಯ, ಕಡ್ಡಿ ಹಾಗಿದಾರೆ. ಉಲ್ಲಾಳದ ರೂಟಿನಲ್ಲಿ ಸ್ಟಾಪುಗಳ ಹೆಸರು ಕೂಗಿ ಕೂಗಿ ಅವರ ನೆನಪು ಕಲ್ಲಿನ ಶಾಸನ. ಗಂಟಲು ಸರಿ ಮಾಡಿಕೊಂಡು ಶುರು ಮಾಡಿದರು.

"ಬೆಳಿಗ್ಗೆ ಆರಕ್ಕೆ ಕಾಫಿ, ಜೊತೆಗೆ ನಾಲ್ಕು ಬಿಸ್ಕೆಟ್. ಎಂಟೂವರೆಗೆ ತಿಂಡಿ. ಹತ್ತೂವರೆಗೆ ಅಂಗಡಿ ಎದುರಿನ ಟೀ, ಅದರ ಜೊತೆ ಬೋಂಡ. ಹನ್ನೆರಡಕ್ಕೆ ಯಾವುದಾದ್ರೂ ಗಿರಾಕಿ ಮನೆ ಲಾಡು. ಒಂದೂವರೆಗೆ ಊಟ. ನಾಲ್ಕಕ್ಕೆ ಖಾರ ಕಡ್ಲೆಪುರಿ. ಆರಕ್ಕೆ ಟೀ. ರಾತ್ರಿ ಊಟ. ಅದಾದ ಮೇಲೆ ಪಾತ್ರೇಲಿ ಉಳಿದಿದ್ದು ದಂಡ ಆಗುತ್ತೆ ಅಂತ ಅದೊಂದಿಷ್ಟು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಯಾವುದನ್ನೂ ಪೂರ್ತಿ ಬಿಡಬೇಡಿ. ತಟ್ಟೇಲಿ ಅರ್ಧ ಪಲ್ಯ, ಸೊಪ್ಪು. ಕಾಲು ಭಾಗ ಕಾಳು, ಬೇಳೆ. ಇನ್ನು ಕಾಲು ಭಾಗಕ್ಕೆ ಅನ್ನನೋ ಮುದ್ದೆನೋ. ತಿಂಗಳಿಗೆ ಒಂದು ಕೆಜಿ ಇಳಿದರೂ ನನಗೆ ಸಂತೋಷ, ಅವಸರ ಇಲ್ಲ. ಆಮೇಲೆ ನಿಮಗೆ ಇಷ್ಟ ಆಗೋ ಥರ ಮೈ ಬಗ್ಗಿಸಿ. ಇಷ್ಟ ಇಲ್ಲದೆ ಮಾಡಿದ್ದು ಹದಿನೈದು ದಿನಕ್ಕೆ ನಿಂತುಹೋಗುತ್ತೆ."

"ಅಂದ್ರೆ ಒಟ್ಟಿನಲ್ಲಿ ಏನ್ ಮಾಡ್ಬೇಕು ಡಾಕ್ಟ್ರೇ?" ಅಂದೆ.

ಉತ್ತರ ಕೊಟ್ಟಿದ್ದು ನಮ್ಮನೆಯವರು. "ಇಷ್ಟೇ ಕಣೇ. ಇನ್ಮೇಲೆ ಕೈ ತೋರಿಸಿದ ಕಡೆಯೆಲ್ಲ ನಿಲ್ಲಿಸಬಾರದು."

ಒಳಗಡೆ ಜಾಗ ಇದೆ

ಮನೆಗೆ ಬಂದು ನನ್ನ ಅಳತೆ ತಗೊಳ್ಳೋಣ ಅಂದರೆ ಆಗಲಿಲ್ಲ. ಟೈಲರಿಗೆ ತನ್ನ ಬೆನ್ನ ಹಿಂದೆ ಟೇಪು ನೇರ ಕೂತಿದೆಯಾ ಅಂತ ನೋಡಿಕೊಳ್ಳೋಕೆ ಬರಲ್ಲ. ನಮ್ಮನೆಯವರ ಕೈಗೆ ಕೊಟ್ಟೆ.

ಅವರು ಸುತ್ತ ಬಂದು, ಕನ್ನಡಕ ಏರಿಸಿ, "ತೊಂಬತ್ತೊಂಬತ್ತು" ಅಂದರು.

ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಅಂಥ ಸೊಂಟ ನಾನು ಕಂಡೇ ಇರಲಿಲ್ಲ. ಟೇಪು ಕಿತ್ತುಕೊಂಡು ನೋಡ್ತೀನಿ, ಮಹಾನುಭಾವರು ಹಿಂದುಮುಂದಾಗಿ ಹಿಡಿದು ಸೆಂಟಿಮೀಟರ್ ಓದಿದ್ದಾರೆ. ಇಂಚಿನಲ್ಲಿ ಮೂವತ್ತೊಂಬತ್ತು. ಮೂವತ್ತೊಂಬತ್ತಕ್ಕೆ ಅಷ್ಟು ಖುಷಿಪಟ್ಟ ಹೆಂಗಸು ಕರ್ನಾಟಕದಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ.

"ಸರಿಯಾಗಿ ಇನ್ನೊಂದು ಸಲ ನೋಡಿ" ಅಂದು ನಿಂತೆ. ಮನೆಯವರ ಮುಂದೆ ಏನು ನಾಚಿಕೆ, ಆದರೂ ನನಗೇ ಗೊತ್ತಿಲ್ಲದ ಹಾಗೆ ಹೊಟ್ಟೆ ಒಳಗೆ ಎಳಕೊಂಡಿದ್ದೆ.

ಅವರು ಟೇಪು ಬಿಗಿ ಮಾಡ್ತಾ, ಅಭ್ಯಾಸ ಬಲದಿಂದ ಗಟ್ಟಿಯಾಗಿ ಕೂಗಿದರು. "ಹೋಗಿ, ಹೋಗಿ, ಇನ್ನೂ ಒಳಗೆ ಹೋಗಿ, ಒಳಗಡೆ ಜಾಗ ಇದೆ!"

ಎರಡು ಸುತ್ತು, ಮೂರು ಬ್ಲೌಸು

ಇಷ್ಟ ಆಗೋದನ್ನ ಹುಡುಕಬೇಕಿತ್ತಲ್ಲ. ಮೊದಲು ಪಾರ್ಕಿಗೆ ಹೋದೆ. ನಡಿಗೆಯಲ್ಲಿ ಒಂದು ತೊಂದರೆ ಏನಂದ್ರೆ ಕಣ್ಣ ಮುಂದೆ ಬೇರೆಯವರ ಬೆನ್ನಿರುತ್ತೆ. ಬೆನ್ನಿದ್ದ ಕಡೆ ಬ್ಲೌಸಿರುತ್ತೆ. ಮುಂದೆ ಹೋಗ್ತಿದ್ದವರ ಹೊಲಿಗೆ ವಾರೆ ಇತ್ತು. ತಡಕೊಂಡೆ, ಒಂದು ಸುತ್ತು ತಡಕೊಂಡೆ. ಎರಡನೇ ಸುತ್ತಿಗೆ, "ಮೇಡಮ್, ನಿಮ್ಮ ಎಡ ಭುಜ ಯಾರೋ ಕೆಡಿಸಿದಾರೆ" ಅಂದುಬಿಟ್ಟೆ.

ಅವರು ನಿಂತರು. ಅವರ ಜೊತೆಯವರಿಬ್ಬರೂ ನಿಂತರು. ಕಲ್ಲು ಬೆಂಚಿನ ಮೇಲೆ ಮುಕ್ಕಾಲು ಗಂಟೆ ಭುಜ, ತೋಳು, ಕತ್ತಿನ ಮಾತಾಯ್ತು. ಮನೆಗೆ ಬಂದಾಗ ನಮ್ಮನೆಯವರು, "ಎಷ್ಟು ನಡೆದೆ?" ಅಂತ ಕೇಳಿದರು.

"ಎರಡು ಸುತ್ತು."

"ಇಳೀತಾ ಏನಾದ್ರೂ?"

"ಇಲ್ಲ. ಮೂರು ಬ್ಲೌಸ್ ಬಂತು."

ಕೊನೆಗೆ ನನ್ನ ಕೈ ಹಿಡಿದಿದ್ದು ಕೋಲಾಟ. ನಮ್ಮ ರಸ್ತೆಯ ಹೆಂಗಸರು ರಾಜ್ಯೋತ್ಸವಕ್ಕೆ ಅಂತ ಎಷ್ಟೋ ತಿಂಗಳು ಮೊದಲೇ ಸಂಜೆ ಸಂಜೆ ಅಭ್ಯಾಸ ಶುರು ಮಾಡಿದ್ದರು. ಒಬ್ಬರಿಗೆ ಕಾಲು ಉಳುಕಿ ಜೋಡಿ ಕಮ್ಮಿ ಬಿತ್ತು. ಸಮವಸ್ತ್ರದ ಅಳತೆಗೆ ಹೋದ ನನ್ನ ಕೈಗೇ ಕೋಲು ಕೊಟ್ಟರು. ಮೊದಲ ವಾರ ಬೆರಳಿನ ಗೆಣ್ಣು ಊದಿ ಕತ್ತರಿ ಹಿಡಿಯೋಕೆ ಆಗಲಿಲ್ಲ. ಎರಡನೇ ವಾರ ಸಂಜೆ ಯಾವಾಗ ಆಗುತ್ತೋ ಅಂತ ಗಡಿಯಾರ ನೋಡೋಕೆ ಶುರು ಮಾಡಿದೆ. ವ್ಯಾಯಾಮ ಅಂತ ಹೇಳಿದ್ದರೆ ನಾನು ಖಂಡಿತ ಹೋಗ್ತಿರಲಿಲ್ಲ.

ಇಪ್ಪತ್ತೊಂದನೇ ಬ್ಲೌಸು

ಆರು ತಿಂಗಳಿಗೆ ಐದು ಕೆಜಿ ಇಳಿದೆ. ಸಕ್ಕರೆ ಬಾಗಿಲಿಂದ ಎರಡು ಮೆಟ್ಟಿಲು ಕೆಳಗಿಳಿದಿದೆ ಅಂತ ಡಾಕ್ಟರಮ್ಮ ನನ್ನ ಬೆನ್ನು ತಟ್ಟಿದರು. ಇನ್ನು ಊರವರು ಹೊಗಳ್ತಾರೆ ಅಂತ ಕಾಯ್ತಾ ಕೂತೆ.

ಮೊದಲು ಬಂದವರು ನನ್ನ ಮುಖ ನೋಡಿ, "ಏನಾಯ್ತ್ರೀ? ಹುಷಾರಿಲ್ವಾ?" ಅಂದರು. ಎರಡನೆಯವರು ದನಿ ತಗ್ಗಿಸಿ, "ಮನೇಲಿ ಏನಾದ್ರೂ ತೊಂದರೆನಾ?" ಅಂದರು. ಮುದ್ದೆ, ಸೊಪ್ಪು, ಕೋಲಾಟ ಅಂತ ಇದ್ದಿದ್ದು ಇದ್ದ ಹಾಗೆ ಹೇಳಿದೆ. ಒಬ್ಬರೂ ನಂಬಲಿಲ್ಲ. "ಹೇಳೋಕೆ ಇಷ್ಟ ಇಲ್ಲ ಅಂದ್ರೆ ಬೇಡ ಬಿಡಿ" ಅಂತ ಕಣ್ಣೊರೆಸಿಕೊಂಡು ಹೋದರು.

ವಾರದೊಳಗೆ ಸುದ್ದಿ ಕೆಂಗೇರಿ ಮುಟ್ಟಿತು. ಮಾರೇನಹಳ್ಳಿ ಟೈಲರಮ್ಮನಿಗೆ ದೊಡ್ಡ ಕಾಯಿಲೆ, ಜಾಸ್ತಿ ದಿನ ಇಲ್ಲ! ಅಂಗಡಿ ಮುಂದೆ ಗೌರಿ ಹಬ್ಬದ ಹಾಗೆ ಜನ. ಒಬ್ಬಾಕೆ ನನ್ನ ಎರಡೂ ಕೈ ಹಿಡಿದು, "ನಿಮ್ಮಂಥ ಟೈಲರ್ ಇನ್ನೆಲ್ಲಿ ಸಿಗ್ತಾರೆ" ಅಂತ ಗಳಗಳ ಅತ್ತು, ಅದೇ ಉಸಿರಿನಲ್ಲಿ, "ನನ್ನ ನೇರಳೆ ಪೀಸು ಇನ್ನೂ ಕತ್ತರಿಸಿಲ್ಲ ತಾನೆ? ಹಾಗೇ ವಾಪಸ್ ಕೊಟ್ಬಿಡಿ" ಅಂದರು.

ಎಲ್ಲರಿಗಿಂತ ಕೊನೆಗೆ ಬಂದವರು ರಿಟೈರ್ಡ್ ಹೆಡ್‌ಮಿಸ್ಟ್ರೆಸ್ಸು. ಧಾರವಾಡದ ಕಡೆಯವರು, ವಯಸ್ಸು ಎಪ್ಪತ್ತೆಂಟು. ನಲವತ್ತು ವರ್ಷದಿಂದ ಬಸವೇಶ್ವರನಗರದಲ್ಲಿದ್ದರೂ ಮಾತು ಇನ್ನೂ ಅಲ್ಲಿಯದೇ. ಆಟೋದವನ ಕೈಲಿ ದೊಡ್ಡದೊಂದು ಚೀಲ ಇಳಿಸಿ, ಸ್ಟೂಲ್ ಎಳಕೊಂಡು ಕೂತರು.

"ನೋಡವಾ, ಬಂದವ್ರು ಎಲ್ಲಾರೂ ಒಂದ ದಿನಾ ಹೋಗಾವ್ರ. ಅಂಜಬ್ಯಾಡ."

"ಅಮ್ಮ, ನನಗೇನೂ ಆಗಿಲ್ಲ. ಊಟ ಸರಿ ಮಾಡ್ಕೊಂಡೆ, ಕೋಲಾಟ ಆಡ್ತೀನಿ, ಅಷ್ಟೇ."

"ಹೌದವಾ. ಹಂಗ ಧೈರ್ಯಾ ಇರಬೇಕು. ನಮ್ಮ ಯಜಮಾನ್ರೂ ಕಡೀತನಾ ಏನೂ ಆಗಿಲ್ಲ ಅಂತನ ಅಂದ್ರು." ಚೀಲ ಬಿಚ್ಚಿದರು. ಒಂದರ ಮೇಲೊಂದು ಬ್ಲೌಸ್ ಪೀಸು. ಅವರ ಕಡೆ ಬ್ಲೌಸಿಗೆ ಕುಬಸ ಅಂತಾರೆ. "ನಿನ್ನ ಕೈಯಾಗಿನ ಕುಬಸ ಬಿಟ್ಟು ಬ್ಯಾರೇದವ್ರದ ನನಗ ಹಿಡಸೂದಿಲ್ಲ. ಇಪ್ಪತ್ತ ಅದಾವ. ಒಮ್ಮೆಲೇ ಹೊಲದು ಕೊಟ್ಟಬಿಡು. ನಾ ಸಾಯೂತನಾ ಸಾಕಾಗ್ತಾವ."

ನಗಬೇಕೋ ಅಳಬೇಕೋ ತಿಳೀಲಿಲ್ಲ. ಎಣಿಸಿದೆ. ಇಪ್ಪತ್ತೊಂದು ಇದ್ದವು. ಕೊನೇದು ಹಸಿರು ರೇಷ್ಮೆ, ಸಣ್ಣ ಜರಿ ಅಂಚು.

"ಇದೊಂದು ಜಾಸ್ತಿ ಇದೆಯಲ್ಲಮ್ಮ, ಯಾರದ್ದು?"

"ನಿಂದ ಅದವಾ." ನನ್ನ ತಲೆ ಸವರಿದರು. "ಮುತ್ತೈದಿ ಅದೀ. ಕಡೀಗೆ ಹೋಗೂ ಹೊತ್ತಿಗೆ ಮೈಮ್ಯಾಲ ಹಸರು ಕುಬಸಾ ಬೇಕಾಗ್ತದ. ಈಗಿನ ಅಳತೀಗೆ ನೀನ ಹೊಲಕೊಂಡ ಇಟ್ಟಬಿಡು. ಎಲ್ಲಾರಿಗೂ ನೀ ಹೊಲದಿ, ನಿನಗ ಹೊಲಿಯಾವ್ರು ಯಾರದಾರ?"

ಅಷ್ಟು ಚೆಂದದ ರೇಷ್ಮೆ ದಂಡ ಮಾಡೋಕೆ ಮನಸ್ಸಾಗಲಿಲ್ಲ. ಅವರ ಇಪ್ಪತ್ತೂ ಮುಗಿಸಿ ಅದನ್ನೂ ಹೊಲಿದೆ. ರಾಜ್ಯೋತ್ಸವದ ದಿನ ಅದನ್ನೇ ಹಾಕಿಕೊಂಡು, ಮಂಡಿ ಬಗ್ಗಿಸಿ, ನೆಗೆದು, ಮುಕ್ಕಾಲು ಗಂಟೆ ಕೋಲಾಟ ಆಡಿದೆ. ಧಾರವಾಡದ ಅಮ್ಮ ಮುಂದಿನ ಕುರ್ಚಿಯಲ್ಲೇ ಕೂತಿದ್ದರು. ಇನ್ನಾದರೂ ನಂಬಿದರಲ್ಲ ಅಂತ ಬೆವರು ಒರೆಸಿಕೊಂಡು ಅವರ ಹತ್ತಿರ ಹೋದೆ.

ಅಮ್ಮ ನನ್ನ ತೋಳು ಹಿಡಿದು ತಿರುಗಿಸಿ, ಹೊಲಿಗೆ ಮೇಲೆ ಬೆರಳಾಡಿಸಿ ನೋಡಿದರು.

"ಫಿಟ್ಟಿಂಗ್ ಭಾಳ ಛಲೋ ಬಂದದ ನೋಡು. ಇವತ್ತ ಒಗದು ಮಡಚಿ ಇಡು, ಕುಣದು ಹರಕೋಬ್ಯಾಡ. ಮುಂದ ಹೆಂಗಿದ್ರೂ ಬೇಕಾಗೇ ಬೇಕಾಗ್ತದ."